ಎರಡರಷ್ಟು ದೊಡ್ಡ ಹೃದಯ

ಮಾರ್ಚ್ ೯, ರಾತ್ರಿ ಎರಡೂಕಾಲು. ಪುಟ್ಟಿಯ ಬೆರಳಿನ ಕ್ಲಿಪ್ ಜಾರಿ ಯಂತ್ರ ಕೂಗಿಕೊಂಡಿತು. ಕ್ಲಿಪ್ ಮತ್ತೆ ಸಿಕ್ಕಿಸಿದೆ. ಆಮೇಲೆ ನಿದ್ದೆ ಹತ್ತಲಿಲ್ಲ.

ಆಸ್ಪತ್ರೆಯ ತ್ರೀಡಿ ಪ್ರಿಂಟಿಂಗ್ ರೂಮಿನಾಕೆ ನಿನ್ನೆ ಸಂಜೆ ನನ್ನ ಐದು ತಿಂಗಳ ಮಗಳ ಹೃದಯವನ್ನು ನನ್ನ ಕೈಯಲ್ಲಿಟ್ಟಳು. ಸ್ಕ್ಯಾನ್ ನೋಡಿ ಪದರಪದರವಾಗಿ ಮಾಡಿದ, ರಬ್ಬರಿನಂಥ ಹೃದಯ. ಡಾಕ್ಟರು ಮೊದಲು ಅದನ್ನು ಕೊಯ್ದು ಅಭ್ಯಾಸ ಮಾಡಿಕೊಳ್ಳುತ್ತಾರಂತೆ. ಅಂಗೈ ತುಂಬಿತ್ತು. "ಪರವಾಗಿಲ್ವೆ, ಗಟ್ಟಿಗಿತ್ತಿ ನನ್ ಮಗಳು" ಎಂದು ನಕ್ಕುಬಿಟ್ಟೆ.

"ಇದು ಎರಡರಷ್ಟು ದೊಡ್ಡದಮ್ಮ. ಒಳಗಿನ ತೂತು ಕಾಣ್ಲಿ ಅಂತ ದೊಡ್ಡದು ಮಾಡಿದೀವಿ" ಎಂದಳು ಆಕೆ.

"ನಿಜವಾದ್ದು?"

"ಅವಳ ಮುಷ್ಟಿ ನೋಡ್ಕೊಳಿ. ಅಷ್ಟೇ."

ಆ ಮುಷ್ಟಿಯನ್ನು ಈಗ ಎರಡು ಬೆರಳಲ್ಲಿ ಹಿಡಿದು ಕೂತಿದ್ದೇನೆ. ಇಷ್ಟರೊಳಗೆ ಕತ್ತರಿ ಹೋಗಬೇಕು.

ಏಳಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಆಪರೇಷನ್ ಮಾಡದಿದ್ದರೆ ಉಳಿಯುವುದಿಲ್ಲವಂತೆ, ಮಾಡಿದರೂ ಖಾತ್ರಿಯಿಲ್ಲವಂತೆ. ಇವರು, ಪುಟ್ಟಿಯ ಅಪ್ಪ, ಹಡಗಿನ ಕೆಲಸದಲ್ಲಿದ್ದಾರೆ; ನಾನು ಮಾಡಿದರೆ ಫೋನ್ ಸಿಗುವುದಿಲ್ಲ. "ನೀನು ಓದಿದವಳು, ನಿನಗೇ ತಿಳಿಯುತ್ತೆ" ಎಂದು ಮೊನ್ನೆ ಬರೆದಿದ್ದರು.

ನನಗೇನೂ ತಿಳಿಯುತ್ತಿಲ್ಲ ರೀ. ಸಹಿ ಹಾಕು ಅನ್ನಿ, ಬೇಡ ಅನ್ನಿ, ನಾಳೆ ಏನಾದರೂ ಆದರೆ ನಾನೊಬ್ಬಳೇ ಮಾಡಿದ್ದು ಅಂತಾಗುವುದು ಬೇಡ. ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಒಂದೇ ಸಲ