ನನಗೆ ಕೊನೆಯ ನೀರು ಎರೆಯುವವರು

ಲಿವರ್‌ಪೂಲ್, ಜನವರಿ 14, 1924. ಬೆಳಿಗ್ಗೆ

ನಮಾಜಿಗೆ ಕೈಕಾಲು ತೊಳೆದದ್ದಾಯಿತು. ಕಾಲಿನದೇ ಕಷ್ಟ, ಮಂಡಿ ಬಾಗುವುದಿಲ್ಲ. ಅಡುಗೆಮನೆ ತುಂಬ ನೀರು. ಡಾರ್ಕಸ್ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು.

"ಹೆಸ್ಟರ್ ಅಕ್ಕಾ, ನಿನ್ನ ದೇವ್ರಿಗೆ ಒಣಗಿದ ಕಾಲು ಆಗಲ್ವಾ?"

ತಂಗಿಯ ನಾಲಿಗೆ ಎಪ್ಪತ್ತಾದರೂ ಮೊಂಡಾಗಿಲ್ಲ. ನಮಾಜಿನ ಚಾಪೆ ಬಿಡಿಸಿದೆ. ವಾದ ಮಾಡಿ ಸಾಕಾಗಿದೆ.

ಜನವರಿ 17

ಹಳೆಯ ಗೆಳತಿ ರಹೀಮಾ ತೀರಿಕೊಂಡಳು. ಮಣ್ಣಿಗಿಡುವ ಮುಂಚೆ ಅವಳನ್ನು ಮೀಯಿಸಿದ್ದು ನಾನೊಬ್ಬಳೇ. ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ ಸೊಂಟ ಹೋಯಿತು.

ನಾವು ಇಸ್ಲಾಮಿಗೆ ಸೇರಿದ ಹೊಸದರಲ್ಲಿ ಮಸೀದಿ ಬಾಗಿಲಲ್ಲೇ ಕೆಸರು ಎಸೆಯುತ್ತಿದ್ದರು, ಕುದುರೆ ಲದ್ದಿ ಕೂಡ. ಅವಳ ಟೋಪಿ ನಾನು, ನನ್ನದು ಅವಳು ಉಜ್ಜಿಕೊಂಡು ನಗುತ್ತಿದ್ದೆವು. ಆಮೇಲೆ ಮಸೀದಿ ಮುಚ್ಚಿತು, ಜನ ಚದುರಿದರು. ಇಲ್ಲೇ ಉಳಿದ ಹೆಂಗಸರಿಗೆಲ್ಲ ಕೊನೆಯ ನೀರು ಎರೆದವಳು ನಾನು. ಈಗ ಉಳಿದವಳೂ ನಾನೇ. ನನಗೆ ಯಾರು?

ಹೆದರಿಕೆಯಾಯಿತು. ಸಾವಿಗಲ್ಲ... ಯಾರದೋ ಕೈಗೆ ಸಿಕ್ಕಿ, ಮೀಯದೇ ಮಣ್ಣಿಗೆ ಹೋಗುವುದಕ್ಕೆ.

ಜನವರಿ 22

ಯೆಮನ್ ನಾವಿಕರ ವಸತಿಮನೆಗೆ ಹೋಗಿದ್ದೆ. ಅಲ್ಲಿ ನಮಾಜು ನಡೆಸುವ ಮುಕ್ಬಿಲ್ ಸಾಹೇಬರನ್ನು ಕೇಳಿದೆ. ಅವರೆಲ್ಲರ ಹೆಂಡಿರು ದೂರದ ಊರಲ್ಲಿ.

"ಗಂಡಸ್ರು ಮುಟ್ಟೋ ಹಾಗಿಲ್ಲಮ್ಮಾ. ನಮ್ಮ ಹೆಂಗಸ್ರು ಯಾರೂ ಸಿಗ್ದೇ ಹೋದ್ರೆ ಕ್ರೈಸ್ತ ಹೆಣ್ಮಗಳಿಗೆ ಹೇಳ್ಕೊಟ್ಟು ಮಾಡಿಸ್ಬಹುದು. ನಿಮ್ಮ ತಂಗಿ ಇದಾರಲ್ಲ?"

ಡಾರ್ಕಸ್! ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಜನವರಿ 23

ಕೇಳಿಯೇಬಿಟ್ಟೆ. ಆಲೂಗಡ್ಡೆ ಹೆರೆಯುತ್ತಿದ್ದಳು. ಚಾಕು ನಿಂತಿತು.

"ನಿನ್ನಿಂದ ಚರ್ಚಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗ್ಲಿಲ್ಲ ನಂಗೆ. ವರ್ಷಗಟ್ಲೆ ಮಾತು ಬಿಟ್ಟಿದ್ದೆ. ಗಂಡ ಸತ್ತ ಅಂತ ಇಲ್ಲಿಗೆ ಬಂದೆ, ನಿಮ್ಮ ಶಾಸ್ತ್ರ ಮಾಡಕ್ಕಲ್ಲ. ಆಗಲ್ಲ ಅಕ್ಕಾ."

ಅಷ್ಟೇ. ಆಲೂಗಡ್ಡೆ ಸರಿಯಾಗಿ ಬೇಯಲಿಲ್ಲ. ಇಬ್ಬರೂ ಗಟ್ಟಿಯಾದದ್ದನ್ನೇ ಅಗಿದೆವು.

ಫೆಬ್ರವರಿ 19

ಎದೆಯಲ್ಲಿ ಕಫ, ಜ್ವರ. ಪೆನ್ನು ಹಿಡಿಯಲಾಗಿರಲಿಲ್ಲ. ಡಾಕ್ಟರು ಬಾಗಿಲಾಚೆ ಡಾರ್ಕಸ್ ಹತ್ತಿರ ಮೆಲ್ಲಗೆ ಮಾತಾಡಿದರು. ಮೆಲ್ಲಗೆ ಅಂದಮೇಲೆ ಗೊತ್ತೇ ಇದೆ.

ಫೆಬ್ರವರಿ 21, ಮಧ್ಯಾಹ್ನ

ಮೈ ಒರೆಸಲು ಬಿಸಿನೀರು ತಂದಳು. ನನ್ನ ಎಡಗೈ ಹಿಡಿದಳು... ಬಿಟ್ಟಳು.

"ಬಲಗಡೆಯಿಂದ ಅಲ್ವಾ?"

"ನಿಂಗ್ಯಾರೇ ಹೇಳಿದ್ದು?"

"ಆ ಮುಕ್ಬಿಲ್ ತಾತ. ಹೋಗಿ ಕೇಳ್ಕೊಂಡು ಬಂದೆ. ಕೊನೇ ನೀರಿಗೆ ಕರ್ಪೂರಾನೂ ತಂದಿಟ್ಟಿದೀನಿ. ಹಂಗೆ ನೋಡ್ಬೇಡ. ಬೈಬಲ್ಲಲ್ಲಿ ನನ್ನ ಹೆಸರಿನವಳು ಸತ್ತಾಗ ಅವಳನ್ನೂ ಮೀಯಿಸೇ ಮಲಗಿಸಿದ್ದು. ಎಲ್ಲಾ ನಿಮ್ದೇ ಅಂತ ಬೀಗ್ಬೇಡ."

ಅತ್ತುಬಿಟ್ಟೆ. ದಿಂಬು ಒದ್ದೆಯಾಯಿತೆಂದು ಬೈದಳು.

ಫೆಬ್ರವರಿ 24

ಜಡೆಯ ವಿಷಯ ಮುಕ್ಬಿಲ್ ಸಾಹೇಬರಿಗೆ ಗೊತ್ತಿಲ್ಲ. ಹೆಂಗಸರಿಗೆ ಮೀಯಿಸಿದ ಮೇಲೆ ಮೂರು ಜಡೆ, ಬೆನ್ನ ಹಿಂದೆ. ಈಗಲೇ ಹಾಕಿ ನೋಡು ಅಂದೆ.

"ಅಮ್ಮ ಎರಡೇ ಹಾಕ್ತಿದ್ಲು. ಇರೋ ನಾಲ್ಕು ಕೂದ್ಲಲ್ಲಿ ಮೂರೆಲ್ಲಿಂದ ತರ್ಲಿ?"

ಗೊಣಗುತ್ತಲೇ ಹೆಣೆದಳು. ಎಷ್ಟು ಹಗುರ ಕೈ! ಇದು ಗೊತ್ತೇ ಇರಲಿಲ್ಲ. ಆಯಾಸ, ಆದರೆ ಹೆದರಿಕೆಯಿಲ್ಲ. ಎರಡು ಜಡೆ ಆಯಿತು. ಮೂರನೆಯದಕ್ಕೆ ದಾರ ತರಲು ಕೆಳಗೆ ಹೋಗಿದ್ದಾಳೆ. ಮೆಟ್ಟಿಲು ಹತ್ತುವ ಸದ್ದು. ಬಂದೊಡನೆ ಹೇಳಬೇಕು — ಡಾರ್ಕಸ್, ನಿನ್ನ ಕೈ

(ಕೆಳಗೆ ಡಾರ್ಕಸ್ ಕೈಬರಹ) ಬಲಗಡೆಯಿಂದ್ಲೇ ಮೀಯಿಸ್ದೆ ಅಕ್ಕಾ, ಮೂರನೇ ಜಡೆನೂ ಹಾಕ್ದೆ.