ನುಂಗಿದ ಚೀಟಿ

ಕೊನೆಗೂ ಯಜಮಾನರು ಚೀಟಿ ಎತ್ತಿಸಿಯೇಬಿಟ್ಟರು, ಅಪ್ಪಾ. ಬೇಕರಿಯ ಒಲೆಗೆ ಇನ್ನು ಒಬ್ಬನೇ ಸಾಕಂತೆ. ಇಬ್ಬರಲ್ಲಿ ಯಾರು ಹೋಗಬೇಕೆಂದು ದೇವರೇ ಹೇಳಲಿ ಅಂತ ಬ್ರೆಡ್ಡಿನ ಡಬ್ಬಿಯಲ್ಲಿ ಎರಡು ಚೀಟಿ ಹಾಕಿದರು. ನನ್ನದರಲ್ಲಿ 'ಇರು' ಅಂತಿತ್ತು. ಪಕ್ಕದಲ್ಲಿ ಜೊತೆಗಾರ, ನಾವೆಲ್ಲ 'ಗೊರಕೆ' ಅಂತ ಕರೆಯುವವನು, ಬೆವರುತ್ತಿದ್ದ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ನಾನು ಚೀಟಿಯನ್ನು ಬಾಯಿಗೆ ಹಾಕಿ ನುಂಗಿ, "ನಾನೇ ಹೋಗೋದು, ಯಜಮಾನ್ರೇ" ಅಂದೆ.

ಗೊರಕೆಯ ಕೈಯಲ್ಲೂ ಒಂದು ಚೀಟಿ ಇದೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಅವನು ಬಿಚ್ಚಿದ. 'ಹೋಗು'.

"ಲೇ, ನೆಟ್ಟಗೆ ಸುಳ್ಳು ಹೇಳೋಕೂ ಬರಲ್ವೇನೋ ನಿಂಗೆ?" ಅಂತ ಅತ್ತೇಬಿಟ್ಟ.

"ಚೀಟೀಲಿ ಉಪ್ಪು ಕಮ್ಮಿ ಇತ್ತು ಕಣೋ" ಅಂದು ಏಪ್ರನ್ ಬಿಚ್ಚಿಟ್ಟು ಬಂದೆ.

ಸಿಟ್ಟು ಬಂದಿರುವುದು ನಿನ್ನ ಮೇಲೆ, ಅಪ್ಪಾ. ಬದುಕಿದ್ದಷ್ಟು ದಿನ ಕಂಡವರಿಗೆಲ್ಲ ಕೊಟ್ಟು, ಶಿಲುಬೆ ತೋರಿಸಿ, "ಅವನು ಇನ್ನೂ ಹೆಚ್ಚು ಕೊಟ್ಟ" ಅನ್ನುತ್ತಿದ್ದೆ. ನಾನು ನಗುತ್ತಿದ್ದೆ. ಈಗ ಕೆಲಸ ಹೋಗಿದೆ, ಮೈಯೆಲ್ಲ ಉರಿಯುತ್ತಿದೆ, ಆದರೂ ಯೇಸು ಕೈಬಿಡಲ್ಲ ಅಂತ ಈ ಹಾಳು ಮನಸ್ಸು ಧೈರ್ಯವಾಗಿ ಕೂತಿದೆ. ಹೆದರಿಕೆಯಾದರೂ ಆಗಿದ್ದರೆ ನಿನ್ನನ್ನು ನೆಮ್ಮದಿಯಾಗಿ ಬೈಯಬಹುದಿತ್ತು.

ನಿನ್ನ ಸೊಸೆಗೆ ಇನ್ನೂ ಹೇಳಿಲ್ಲ. ಒಳಗಿಂದ ಕೂಗುತ್ತಿದ್ದಾಳೆ: "ಬನ್ನೀಂದ್ರೆ, ಊಟ ಆರ್ತಿದೆ! ಇವತ್ತು ದೇವರಿಗೆ ಸ್ತೋತ್ರ ಹೇಳೋ ಸರದಿ ನಿಮ್ದೇ."