ನಮ್ಮ ತೊಟ್ಟಿಯ ಕಾಲು ನಿಮ್ಮ ಫ್ರೀಜರಿನಲ್ಲಿದೆ

ಕಬ್ಬಿನ ಇಂಧನ ಸಂಶೋಧನಾಲಯದ ಸಂದರ್ಶಕರ ವಿಭಾಗದ ಮುಖ್ಯಸ್ಥರೇ,

ನಿಮ್ಮ ಪ್ರಯೋಗಾಲಯಕ್ಕೆ ನಾನು ಮೂರು ಸಲ ಭೇಟಿ ಕೊಟ್ಟಿದ್ದೇನೆ. ಮೂರು ಸಲವೂ ಕಾಫಿ, ಚೀಸ್ ಬನ್ನು ಮತ್ತು ನಿಮ್ಮ ಚಿಹ್ನೆಯಿರುವ ಟೋಪಿ ಸಿಕ್ಕಿವೆ. ನಮ್ಮ ಮನೆಯ ಒಂದು ಚಮಚ ಹೆಪ್ಪು ಮಾತ್ರ ಸಿಕ್ಕಿಲ್ಲ. ಅದು ನಿಮ್ಮ ಫ್ರೀಜರಿನಲ್ಲಿದೆ ಎಂಬುದನ್ನು ನೀವೂ ಅಲ್ಲಗಳೆದಿಲ್ಲ. ಬರೆದ ನಾಲ್ಕು ಪತ್ರಗಳಿಗೂ ‘ತಮ್ಮ ಆಸಕ್ತಿಗೆ ಧನ್ಯವಾದಗಳು, ಮತ್ತೊಮ್ಮೆ ಭೇಟಿ ಕೊಡಿ’ ಎಂಬ ಒಂದೇ ಉತ್ತರ ಬಂದದ್ದರಿಂದ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇಲ್ಲಾದರೂ ಯಾರಾದರೂ ಕೊನೆಯ ಸಾಲಿನವರೆಗೆ ಓದಬಹುದು.

ಪಿರಾಸಿಕಾಬಾ ಪಟ್ಟಣದಾಚೆ, ನದಿಯ ಪಕ್ಕ, ಕಬ್ಬು ಅರೆದು ಪಿಂಗಾ ಎಂಬ ಸಾರಾಯಿಯ ಭಟ್ಟಿ ಇಳಿಸುವವರು ನಾವು. 1961ರಲ್ಲಿ ನನ್ನ ತಂದೆ ಮುಸುಕಿನ ಜೋಳದ ಹಿಟ್ಟು, ಅಕ್ಕಿ ತೌಡು, ಹುಳಿ ಕಿತ್ತಳೆಯ ರಸ ಮತ್ತು ಕಬ್ಬಿನ ಹಾಲು ಕಲಸಿ ಬಟ್ಟೆ ಮುಚ್ಚಿಟ್ಟು ಹುದುಗಿನ ಹೆಪ್ಪು ಮಾಡಿದರು. ಪ್ರತಿ ಸಲ ಹುದುಗಿದ ರಸವನ್ನು ಬಸಿದುಕೊಂಡ ಮೇಲೆ ತೊಟ್ಟಿಯ ತಳದಲ್ಲಿ ಉಳಿಯುವ ಕೆನೆಬಣ್ಣದ ಗಸಿಯನ್ನು ಚೆಲ್ಲುವುದಿಲ್ಲ. ಅದಕ್ಕೆ ನಾವು ತೊಟ್ಟಿಯ ಕಾಲು ಎನ್ನುತ್ತೇವೆ. ಅದರ ಮೇಲೇ ಹೊಸ ಹಾಲು ಸುರಿಯುವುದು. ಕಟಾವು ಇಲ್ಲದ ತಿಂಗಳುಗಳಲ್ಲೂ ಒಂದು ಮಡಕೆಯಲ್ಲಿಟ್ಟು ವಾರಕ್ಕೊಮ್ಮೆ ಉಣಿಸಬೇಕು. ಅಪ್ಪ ಹೋದರು, ಅವರ ಕಾಲು ಉಳಿಯಿತು. ಹದಿನಾಲ್ಕು ವರ್ಷದ ಹಿಂದೆ ನಿಮ್ಮವರೇ ಆದ ಡಾಕ್ಟರ್ ಸೆಲೆನೆ ನಮ್ಮಲ್ಲಿ ಊಟ ಮಾಡಿ, ಎರಡನೇ ಸಲ ಬಡಿಸಿಕೊಂಡು, ಹೋಗುವಾಗ ಒಂದು ಸೀಸೆ ತುಂಬಿಸಿಕೊಂಡು ಹೋದರು. ಬೇರೆ ಹೆಪ್ಪುಗಳು ಸಾಯುವ ಸೆಕೆಯಲ್ಲೂ ಇದು ಬದುಕುತ್ತದೆ ಎಂದು ಆಮೇಲೆ ತಿಳಿಯಿತಂತೆ. ಕಾರುಗಳಿಗೆ ಹಾಕುವ ಕಬ್ಬಿನ ಇಂಧನವನ್ನು ನಿಮ್ಮ ಪ್ರಯೋಗಾಲಯ ಇವತ್ತು ಅದರಿಂದಲೇ ಹುದುಗಿಸುತ್ತದೆ. ನಮಗೆ ಸಂತೋಷವೇ. ಹೆಪ್ಪು ಕೇಳಿದವರಿಗೆ ನಾವು ಇಲ್ಲ ಎಂದದ್ದಿಲ್ಲ.

ಹೋದ ಡಿಸೆಂಬರಿನಲ್ಲಿ ನಿಮ್ಮ ‘ಬಾಗಿಲು ತೆರೆದ ದಿನ’ಕ್ಕೆ ಮೊದಲ ಸಲ ಬಂದೆ. ಬಿಳಿ ಕೋಟು ಹಾಕಿಸಿದರು. ಮುಖ ಕಾಣುವಷ್ಟು ಹೊಳೆಯುವ ಉಕ್ಕಿನ ತೊಟ್ಟಿಗಳ ಮುಂದೆ ನಿಮ್ಮ ಮಾರ್ಗದರ್ಶಿ ಯುವತಿ ಹೆಮ್ಮೆಯಿಂದ, “ನೋಡಿ ದೋನಾ ಲೆಯೊಕಾಡಿಯಾ, ನಮ್ಮಲ್ಲಿ ತಳದಲ್ಲಿ ಒಂದು ಹನಿಯೂ ಉಳಿಯಲ್ಲ. ಪ್ರತಿ ಸಲ ಪೂರ್ತಿ ತೊಳೀತೀವಿ,” ಎಂದಳು. ಮನೆಗೆ ಬಂದು ನಾನು ಇದನ್ನೇ ಎರಡು ದಿನ ಹೇಳಿದೆ. ಕೇಳಿಸಿಕೊಂಡವನು ನನ್ನ ಗಂಡ ಟೆಯೊಬಾಲ್ದೊ. ಮೂರನೆಯ ದಿನ ನಾನು ಪೇಟೆಯಿಂದ ಬರುವಷ್ಟರಲ್ಲಿ ಅವನು ತೊಟ್ಟಿಯನ್ನೂ ಮಡಕೆಯನ್ನೂ ಬ್ಲೀಚಿಂಗ್ ನೀರು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದ್ದ.

“ಬಾ ಇಲ್ಲಿ, ನೋಡು,” ಅಂದ. “ಈಗ ಯಾವ ಡಾಕ್ಟರ್ ಬಂದ್ರೂ ನಾಚ್ಕೋಬೇಕಾಗಿಲ್ಲ.”

“ಕಾಲು ಎಲ್ಲಿಟ್ಟೆ?”

“ಯಾವ ಕಾಲು?” ಅಂದವನು ಹಾಗೇ ನಿಂತ. ಆಮೇಲೆ ತೊಟ್ಟಿಯ ಪಕ್ಕದಲ್ಲೇ ನೆಲಕ್ಕೆ ಕೂತ. ಐವತ್ತು ವರ್ಷ ಭಟ್ಟಿ ಇಳಿಸಿದ ಮನುಷ್ಯ. ಸ್ವಚ್ಛ ಎಂಬ ಮಾತಿಗೆ ಮರುಳಾಗಿ ನನ್ನ ಅಪ್ಪನನ್ನು ಚರಂಡಿಗೆ ಬಿಟ್ಟಿದ್ದ. ನಿಮ್ಮ ತೊಟ್ಟಿಗಳನ್ನು ಧೈರ್ಯವಾಗಿ ತೊಳೆಯಬಹುದು, ಏಕೆಂದರೆ ನಿಮ್ಮ ಹೆಪ್ಪು ಬೇರೆ ಕಡೆ ಭದ್ರವಾಗಿರುತ್ತದೆ ಎಂಬ ಇನ್ನೊಂದು ವಾಕ್ಯವನ್ನು ಆ ಹುಡುಗಿ ಹೇಳಿದ್ದರೆ ಆಗುತ್ತಿತ್ತಲ್ಲವೇ? ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯ ಭೇಟಿ ಜನವರಿಯಲ್ಲಿ. ಗೇಟಿನಲ್ಲಿ ಬಂದ ಕಾರಣ ಕೇಳಿದರು. “ನನ್ನ ಕಾಲು ಒಳಗಿದೆ, ತಗೊಂಡು ಹೋಗೋಣ ಅಂತ ಬಂದೆ,” ಎಂದೆ. ಕಾವಲುಗಾರ ರಾಜಧಾನಿ ಕಡೆಯವನಿರಬೇಕು. ನನ್ನ ಎರಡೂ ಕಾಲುಗಳನ್ನು ನೋಡಿ, ಫೋನಿನಲ್ಲಿ, “ಸರ್, ಇಲ್ಲೊಬ್ರು ಅಜ್ಜಿ ಬಂದಿದಾರೆ, ಕಾಲಿನ ತೊಂದ್ರೆ ಅಂತೆ,” ಎಂದ. ಐದು ನಿಮಿಷದಲ್ಲಿ ಗಾಲಿಕುರ್ಚಿ ಬಂತು. ಅಷ್ಟು ಮುತುವರ್ಜಿ ತೋರಿದವರಿಗೆ ಬೇಡ ಎನ್ನುವುದು ಹೇಗೆ? ಕೂತೆ. ಫ್ರೀಜರಿನವರೆಗೂ ತಳ್ಳಿಕೊಂಡು ಹೋದರು. ಅಲ್ಲಿ ನಮ್ಮ ಸೀಸೆ ಇತ್ತು, ಮೇಲೊಂದು ಸಂಖ್ಯೆ ಇತ್ತು, ಸಂಖ್ಯೆಯ ಕೆಳಗೆ ‘ಮೂಲ: ಕಾಡು’ ಎಂದಿತ್ತು.

“ಕಾಡು ಅಂದ್ರೆ ಯಾವ ಕಾಡಮ್ಮಾ?” ಎಂದು ಅದೇ ಮಾರ್ಗದರ್ಶಿ ಹುಡುಗಿಯನ್ನು ಕೇಳಿದೆ.

“ಹಾಗಲ್ಲ ದೋನಾ. ಪ್ರಯೋಗಾಲಯದಲ್ಲಿ ತಯಾರಾಗದೇ ಇರೋದಕ್ಕೆಲ್ಲ ಕಾಡು ತಳಿ ಅಂತೀವಿ.”

ಹಾಗಾದರೆ ನಾನು, ನನ್ನ ಗಂಡ, ಈ ಪತ್ರಿಕೆಯ ಸಂಪಾದಕರು ಮತ್ತು ಕ್ಷಮಿಸಿ, ತಾವೂ ಕಾಡು ತಳಿಯೇ ಆದೆವು. ಇರಲಿ. ನನ್ನ ತಕರಾರು ಬೇರೆ. ಮೂವತ್ತು ವರ್ಷ ಅಪ್ಪ ಉಣಿಸಿ, ಹದಿನೈದು ವರ್ಷ ನಾನು ಉಣಿಸಿದ್ದು ಒಂದು ಸೀಸೆಗೆ ಬಿದ್ದ ಕೂಡಲೇ ಯಾರೂ ಸಾಕದ ಪ್ರಾಣಿ ಆಗುವುದು ಯಾವ ವಿಜ್ಞಾನ? ಕಾಡಿನದ್ದಾದರೆ ಡಾಕ್ಟರ್ ಸೆಲೆನೆ ಕಾಡಿಗೇ ಹೋಗಬಹುದಿತ್ತು. ಅಲ್ಲಿ ಎರಡನೇ ಸಲ ಬಡಿಸುವವರು ಇರುತ್ತಿರಲಿಲ್ಲ, ಅಷ್ಟೇ.

ಜೀವಂತ ವಸ್ತುವನ್ನು ಮಾನ್ಯತೆ ಪಡೆದ ಸಂಸ್ಥೆಗಳಿಗಲ್ಲದೆ ಖಾಸಗಿ ವ್ಯಕ್ತಿಗಳಿಗೆ ಕೊಡುವಂತಿಲ್ಲ ಎಂಬುದು ನಿಮ್ಮ ನಿಯಮ. ಖಾಸಗಿ ವ್ಯಕ್ತಿಗಳಿಂದ ತೆಗೆದುಕೊಳ್ಳಲು ಅಂಥ ನಿಯಮ ಇದ್ದಂತಿಲ್ಲ. ಹೊಸ ಹೆಪ್ಪು ಹಾಕಿಕೊಳ್ಳಿ ಎಂದೂ ನಿಮ್ಮ ಕಚೇರಿಯವರು ಸಲಹೆ ಕೊಟ್ಟರು. ಎರಡು ಸಲ ಹಾಕಿದೆ. ಎರಡೂ ಹುಳಿಗಟ್ಟಿ ವಿನಿಗರ್ ಆಯಿತು. ನಮ್ಮಿಂದ ಹೆಪ್ಪು ಒಯ್ದಿದ್ದ ನೆರೆಯವರು ಭಟ್ಟಿ ನಿಲ್ಲಿಸಿ ಎಷ್ಟೋ ವರ್ಷವಾಯಿತು.

ಮೂರನೆಯ ಭೇಟಿಗೆ ಟೆಯೊಬಾಲ್ದೊನನ್ನೂ ಕರೆತಂದೆ. ಅವನು ನೀವು ಕೊಟ್ಟ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಫ್ರೀಜರಿನ ಮುಂದೆ ನಿಂತ. ಮೈನಸ್ ಎಂಬತ್ತು ಡಿಗ್ರಿ ಎಂದು ಹುಡುಗಿ ವಿವರಿಸಿದಾಗ, “ಇದಕ್ಕೆ ಚಳಿ ಆಗಲ್ವಾ?” ಎಂದು ಕೇಳಿದ. ಗುಂಪಿನಲ್ಲಿ ಯಾರೋ ನಕ್ಕರು. ನನಗೆ ಅಳು ಬಂತು. ಡಿಸೆಂಬರಿನಿಂದ ಅವನು ತೊಟ್ಟಿಯಿರುವ ಕೋಣೆಯೊಳಗೆ ಹೋಗಿಲ್ಲ. ಊಟಕ್ಕೆ ಕೂತರೂ ಆ ಕಡೆಗೆ ಬೆನ್ನು ಹಾಕಿ ಕೂರುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುತ್ತಿಲ್ಲ, ಹಾಗಾಗಿ ಆ ಸಿಟ್ಟೆಲ್ಲ ತಮ್ಮ ಮೇಲಿದೆ.

ಮೇ ತಿಂಗಳಲ್ಲಿ ಕಟಾವು ಶುರುವಾಗುತ್ತದೆ. ಕಬ್ಬು ಕಾಯುವುದಿಲ್ಲ. ನಿಯಮ ಮುರಿಯಿರಿ ಎಂದು ಕೇಳುವಷ್ಟು ನಾನು ದೊಡ್ಡವಳಲ್ಲ. ಕೊಡುವುದಕ್ಕೆ ನಿಮ್ಮಲ್ಲಿ ಅವಕಾಶವಿಲ್ಲ, ಭೇಟಿಗೆ ಮಾತ್ರ ಧಾರಾಳವಾಗಿದೆ. ಆದ್ದರಿಂದ ಆ ಸೀಸೆಯನ್ನು ನಮ್ಮ ಮನೆಗೆ ಒಂದು ಭೇಟಿಗೆ ಕಳಿಸಿಕೊಡಿ ಎಂಬುದು ನನ್ನ ಬೇಡಿಕೆ. ಜೊತೆಗೆ ನಿಮ್ಮ ಅಧಿಕಾರಿ ಬರಲಿ, ಊಟ ಹಾಕುತ್ತೇವೆ. ನಿಮ್ಮ ಫಲಕದ ಪ್ರಕಾರ ಒಂದು ಭೇಟಿಯ ಅವಧಿ ತೊಂಬತ್ತು ನಿಮಿಷ. ಬೆಚ್ಚಗಿನ ಕಬ್ಬಿನ ಹಾಲಿನಲ್ಲಿ ಎಚ್ಚರಗೊಂಡ ಹೆಪ್ಪು ಒಂದಕ್ಕೆರಡಾಗಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಂತೆ, ನಿಮ್ಮ ಮಾರ್ಗದರ್ಶಿಯೇ ಹೇಳಿದ್ದು. ಅದು ಎಚ್ಚರಗೊಳ್ಳುವವರೆಗೆ ನಿಮ್ಮವರು ಉಣ್ಣುತ್ತಿರಲಿ. ಭೇಟಿ ಮುಗಿದ ಮೇಲೆ ಎಷ್ಟು ತಂದಿದ್ದರೋ ಅಷ್ಟನ್ನು ಅಳೆದು ವಾಪಸು ಒಯ್ಯಲಿ. ಉಳಿದರ್ಧ ನಿಮ್ಮದಲ್ಲ, ಈ ಮನೆಯಲ್ಲಿ ಹುಟ್ಟಿದ್ದು.

ಇಂತಿ,
ಸಂದರ್ಶಕರ ಪುಸ್ತಕದಲ್ಲಿ ಮೂರು ಸಲ ‘ತುಂಬಾ ಚೆನ್ನಾಗಿತ್ತು’ ಎಂದು ಬರೆದು ಬರಿಗೈಯಲ್ಲಿ ಬಂದವಳು,
ಲೆಯೊಕಾಡಿಯಾ ಜಾಂಬೋನ್